ದಾರಿಯಲ್ಲುಳಿದ ಬೀಜಕೋಶಗಳು

2012ರ ಡಿಸೆಂಬರ್ 20ರಂದು ಪುಣೆಯ ಹೊರವಲಯದ ಗಹುಂಜೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಯುವರಾಜ್ ಸಿಂಗ್ 3 ವಿಕೆಟ್ ಪಡೆದು, 38 ಓಟಗಳನ್ನು ಗಳಿಸಿ ಪಂದ್ಯಪುರುಷರೆನಿಸಿದರು. ಅದೇ ವರ್ಷದ ಆರಂಭದಲ್ಲಿ ಅವರು ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಅವರ ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದುದು ಸೆಮಿನೋಮ ಎಂಬ ಗಂತಿ. ಸಾಮಾನ್ಯವಾಗಿ ವೃಷಣದಲ್ಲಿ ಹುಟ್ಟುವ ಈ ಗಂತಿ ಎದೆಯಲ್ಲಿ ಕಾಣಿಸಿಕೊಂಡುದು ಹೇಗೆ?

ಇದರ ಮೂಲವನ್ನು ವೈದ್ಯವಿಜ್ಞಾನವು ಭ್ರೂಣಾವಸ್ಥೆಯಲ್ಲಿ ಗುರುತಿಸುತ್ತದೆ. ಮುಂದೆ ವೀರ್ಯಾಣು ಅಥವಾ ಅಂಡಾಣುಗಳಿಗೆ ಜನ್ಮವೀಯುವ ಬೀಜಕೋಶಗಳು ಭ್ರೂಣದಲ್ಲಿ ಬೇರೆಡೆ ಹುಟ್ಟಿ, ಅನಂತರ ವೃಷಣ ಅಥವಾ ಅಂಡಾಶಯಕ್ಕೆ ಪಯಣಿಸುತ್ತವೆ. ಗುರಿ ಮುಟ್ಟದೆ ದೇಹದ ನಡುಗೆರೆಯಲ್ಲಿ ಉಳಿದವು ಹಲವು ವರ್ಷಗಳ ತರುವಾಯ ಗಂತಿಯಾಗಬಲ್ಲವೆಂಬುದು ಪ್ರಚಲಿತ ವಿವರಣೆ. ಅಂತೆಯೇ ಇವು ಎದೆಯ ಮಧ್ಯಭಾಗ, ಹೊಟ್ಟೆಯ ಹಿಂಭಾಗ, ಮಿದುಳಿನ ನಡುಭಾಗ, ಶಿಶುಗಳಲ್ಲಿ ಬೆನ್ನೆಲುಬಿನ ತುದಿ ಇವೆಡೆಗಳಲ್ಲಿ ಕಾಣುತ್ತವೆ. ವಯಸ್ಕರಲ್ಲಿ ಇವು ವಿರಳ. ಎದೆಯ ಮಾರಕ ಗಂತಿಗೆ ತುತ್ತಾಗುವವರು ಬಹುತೇಕ ತರುಣರು.

ಎದೆಯ ಗಂತಿಯ ಲಕ್ಷಣಗಳು ಕೆಮ್ಮು, ಏದುಸಿರು, ಎದೆನೋವು, ಜ್ವರ, ತೂಕದ ಇಳಿತ. ನಮ್ಮ ದೇಶದಲ್ಲಿ ಇಂಥ ಲಕ್ಷಣಗಳನ್ನು ಕಂಡೊಡನೆ ಕ್ಷಯದ ನೆನಪಾಗುವುದು ಸಹಜ. ಆದರೆ ಕಫದಲ್ಲಿ ಕ್ಷಯದ ರೋಗಾಣು ಕಾಣದೆ, ಎಕ್ಸ್-ರೇಯಲ್ಲಿ ಎದೆಯ ನಡುವೆ ನೆರಳು ಮೂಡಿದ್ದರೆ, ಬರಿಯ ಊಹೆಯ ಮೇಲೆ ಔಷಧ ಸೇವಿಸುತ್ತ ತಿಂಗಳುಗಳನ್ನು ಕಳೆಯುವುದು ಅಪಾಯಕರ. ಸಿ.ಟಿ. ಸ್ಕ್ಯಾನ್ ಜೊತೆಗೆ ರಕ್ತದಲ್ಲಿ ಎ.ಎಫ್.ಪಿ., ಎಚ್.ಸಿ.ಜಿ., ಎಲ್.ಡಿ.ಎಚ್. ಎಂಬ ಮೂರು ವಸ್ತುಗಳ ಪ್ರಮಾಣವನ್ನು ಅಳೆಯಬೇಕು. ಇವುಗಳಲ್ಲಿ ಎಚ್.ಸಿ.ಜಿ. ಎಂಬುದು ಗರ್ಭಿಣಿಯರಲ್ಲಿ ಕಂಡುಬರುವ ವಸ್ತುವೇ ಆಗಿದೆ. ಇವು ಏರದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನುವಂತಿಲ್ಲ. ಸೂಜಿಯಿಂದ ತೆಗೆದ ಗಂತಿಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ನಿಶ್ಚಯಿಸುತ್ತಾರೆ. ವೃಷಣದಲ್ಲಿ ಕೈಗೆ ಸಿಗದಷ್ಟು ಚಿಕ್ಕ ಗಂತಿ ಅಡಗಿರಬಹುದಾದ್ದರಿಂದ ಅದರ ಅಲ್ಟ್ರಾಸೌಂಡ್ ಪರೀಕ್ಷೆಯೂ ಅವಶ್ಯ. ಸಂಕೋಚದಿಂದ ಇದನ್ನು ನಿರಾಕರಿಸಲಾಗದು.

ಚಿಕಿತ್ಸೆಯ ತಿರುವು ಬಂದುದು 1974ರಲ್ಲಿ. ಇಂಡಿಯಾನಾ ವಿಶ್ವವಿದ್ಯಾಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ ಔಷಧವನ್ನು ಇತರ ಎರಡು ಔಷಧಗಳೊಡನೆ ಪ್ರಯೋಗಿಸಿ, ವ್ಯಾಪಿಸಿದ ವೃಷಣದ ಕ್ಯಾನ್ಸರನ್ನೂ ಗುಣಪಡಿಸಬಹುದೆಂದು ತೋರಿಸಿದರು. ಯುವರಾಜ್ ಅವರಿಗೆ ಚಿಕಿತ್ಸೆ ನೀಡಿದವರೂ ಅವರೇ. ಇಂದು ಸಾಮಾನ್ಯವಾಗಿ ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಔಷಧಗಳನ್ನು 21 ದಿನಗಳ ಆವರ್ತದಂತೆ 3 ಅಥವಾ 4 ಬಾರಿ ಕೊಡುತ್ತಾರೆ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲುದರಿಂದ, ಎದೆಯ ಶಸ್ತ್ರಕ್ರಿಯೆ ಮುಂದಿರುವವರಿಗೆ ಅದರ ಬದಲು ಐಫೊಸ್ಫಮೈಡ್ ಕೊಡುವುದುಂಟು. ಸೆಮಿನೋಮವಲ್ಲದ ಗಂತಿಯಲ್ಲಿ ಔಷಧದ ತರುವಾಯವೂ ಉಳಿದ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತದೆ. ಸಂತಾನಶಕ್ತಿ ಕುಂದಬಹುದಾದ ಕಾರಣ, ಚಿಕಿತ್ಸೆಗೆ ಮುನ್ನವೇ ವೀರ್ಯವನ್ನು ಶೀತಲೀಕರಿಸಿ ಕಾಪಿಡುವ ಬಗ್ಗೆ ತರುಣರು ವೈದ್ಯರನ್ನು ವಿಚಾರಿಸುವುದು ಲೇಸು.

ಸೆಮಿನೋಮದಲ್ಲಿ 10 ಮಂದಿಯಲ್ಲಿ ಸುಮಾರು 9 ಮಂದಿ ಗುಣಹೊಂದುತ್ತಾರೆ. ಎದೆಯ ಇತರ ಬಗೆಗಳಲ್ಲಿ ಈ ಪ್ರಮಾಣ ಅರ್ಧದಷ್ಟಕ್ಕೆ ಇಳಿಯುತ್ತದೆ. ಅಲ್ಲಿ ಕಾಲವಿಳಂಬ ಇನ್ನಷ್ಟು ದುಬಾರಿ. ಇದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಪುಣೆಯವರಿಗೆ 1941ರಲ್ಲಿ ಸ್ಥಾಪಿತವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯೂ, ಊರಿನ ಬಂಧುಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ. ವಾಸಿಯಾಗದ ಕೆಮ್ಮಿನ ಕಾರಣವನ್ನು ಬೇಗನೆ ಹುಡುಕುವುದು ಮಾತ್ರ ಮನೆಯವರ ಹೊಣೆ.