ಎರೆಮಣ್ಣಿನ ಅಂಗಳದಲ್ಲಿ ಹುಲ್ಲುಹಾಸು: ನೀರಿನ ಲೆಕ್ಕ ಮತ್ತು ಆರೈಕೆ

ಅಥಣಿ, ಕಾಗವಾಡ ಹಾಗೂ ರಾಯಬಾಗ ತಾಲ್ಲೂಕುಗಳಲ್ಲಿ ತೋಟದ ಮನೆಗಳ ಮುಂದೆ ಹುಲ್ಲುಹಾಸು ಬೆಳೆಸುವ ಆಸಕ್ತಿ ಹೆಚ್ಚುತ್ತಿದೆ. ಮನೆಯ ಮುಂದಿನ ಹಸಿರು ಧೂಳನ್ನು ತಡೆಯುತ್ತದೆ, ಅಂಗಳವನ್ನು ತಂಪಾಗಿಡುತ್ತದೆ, ಮಕ್ಕಳಿಗೆ ಆಟದ ಜಾಗವಾಗುತ್ತದೆ. ಆದರೆ ಮೊದಲ ವರ್ಷ ಚೆನ್ನಾಗಿ ಹಬ್ಬಿದ ಹುಲ್ಲು ಎರಡು ಮೂರು ವರ್ಷಗಳಲ್ಲಿ ಹಳದಿಯಾಗುವುದು, ಜೇಕು ತುಂಬಿಕೊಳ್ಳುವುದು, ಮಣ್ಣಿನ ಮೇಲೆ ಬಿಳಿ ಪದರ ಕಾಣುವುದು ಸಾಮಾನ್ಯ. ಇದಕ್ಕೆ ಆರೈಕೆಯ ಕೊರತೆಗಿಂತ ಅತಿಯಾದ ಆರೈಕೆಯೇ, ಅಂದರೆ ದಿನನಿತ್ಯ ನೀರು ಹಾಯಿಸುವುದೇ, ಹೆಚ್ಚಾಗಿ ಕಾರಣವಾಗಿರುತ್ತದೆ. ಕೃಷ್ಣಾ ತೀರದ ಕಬ್ಬಿನ ಜಮೀನುಗಳು ಸವಳು-ಜವಳಾದ ಬಗೆಯನ್ನು ನೀವು ಬಲ್ಲಿರಿ. ಅಂಗಳದ ಹುಲ್ಲುಹಾಸಿನಲ್ಲಿಯೂ ಅದೇ ಕ್ರಿಯೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ.

ಮೊದಲು ನೀರಿನ ಲೆಕ್ಕ

ಅಥಣಿ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದೆ. ಇಲ್ಲಿ ಮಳೆ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಬೇಸಿಗೆಯಲ್ಲಿ ಕರಿಕೆಯ ಹುಲ್ಲುಹಾಸಿಗೆ ದಿನಕ್ಕೆ ಸುಮಾರು 4ರಿಂದ 5 ಮಿ.ಮೀ. ನೀರು ಬೇಕು. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಎಂದರೆ ಒಂದು ಲೀಟರ್. ಒಂದು ಗುಂಟೆ, ಅಂದರೆ 1,089 ಚದರ ಅಡಿ, ಸುಮಾರು 100 ಚದರ ಮೀಟರ್. ಹೀಗಾಗಿ ಒಂದು ಗುಂಟೆ ಹುಲ್ಲುಹಾಸು ಬೇಸಿಗೆಯಲ್ಲಿ ದಿನಕ್ಕೆ 400ರಿಂದ 500 ಲೀಟರ್, ತಿಂಗಳಿಗೆ 12ರಿಂದ 15 ಸಾವಿರ ಲೀಟರ್ ನೀರು ಕೇಳುತ್ತದೆ. ಹಾಲು ಕರೆಯುವ ಒಂದು ಎಮ್ಮೆಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 70 ಲೀಟರ್ ಕುಡಿಯುವ ನೀರು ಬೇಕೆಂದು ಹಿಡಿದರೆ, ಇದು ಆರು ಎಮ್ಮೆಗಳ ಪಾಲಿನ ನೀರು. ಏಪ್ರಿಲ್‌ನಲ್ಲಿ ಕೊಳವೆಬಾವಿ ಸೊರಗುವ ಊರುಗಳಲ್ಲಿ ಈ ಹೋಲಿಕೆಯನ್ನು ಮರೆಯಬಾರದು.

ಆದ್ದರಿಂದ ಅಂಗಳ ಎಷ್ಟಿದೆ ಎಂಬುದರ ಮೇಲೆ ಅಲ್ಲ, ಉಳಿಯುವ ನೀರು ಎಷ್ಟಿದೆ ಎಂಬುದರ ಮೇಲೆ ಹುಲ್ಲುಹಾಸಿನ ವಿಸ್ತೀರ್ಣವನ್ನು ನಿರ್ಧರಿಸಬೇಕು. ಐದು ಜನರ ಕುಟುಂಬದಲ್ಲಿ ತಲಾ 25 ಲೀಟರಿನಂತೆ ದಿನಕ್ಕೆ 125 ಲೀಟರ್ ಸ್ನಾನದ ನೀರು ಸಿಕ್ಕರೆ, ಅದು ಸುಮಾರು 28 ಚದರ ಮೀಟರ್, ಅಂದರೆ 300 ಚದರ ಅಡಿ ಹುಲ್ಲಿಗೆ ಸಾಕಾಗುತ್ತದೆ. ಉಳಿದ ಅಂಗಳಕ್ಕೆ ಕಲ್ಲು ಹಾಸುವುದು ಅಥವಾ ನಿಂಬೆ, ಕರಿಬೇವು, ನುಗ್ಗೆಯಂತಹ ಗಿಡಗಳನ್ನು ನೆಡುವುದು ಲಾಭದಾಯಕ.

ಸ್ನಾನದ ನೀರನ್ನು ಕೂಡಿಡದೆ ಅಂದೇ ಬಳಸಬೇಕು. ಸಿಂಪಡಿಸದೆ ನೆಲದ ಮೇಲೆ ಹರಿಯಬಿಡಬೇಕು. 300 ಚದರ ಅಡಿಯನ್ನು ಆರೇಳು ಪಟ್ಟಿಗಳಾಗಿ ವಿಂಗಡಿಸಿ ದಿನಕ್ಕೊಂದು ಪಟ್ಟಿಗೆ ಹಾಯಿಸಿದರೆ, ಪ್ರತಿ ಪಟ್ಟಿಗೂ ವಾರಕ್ಕೊಮ್ಮೆ ಆಳವಾದ ನೀರು ದೊರೆಯುತ್ತದೆ. ಬಟ್ಟೆ ಒಗೆದ ಪುಡಿಯ ನೀರಿನಲ್ಲಿ ಸೋಡಿಯಂ ಹೆಚ್ಚಾಗಿರುವುದರಿಂದ ಎರೆಮಣ್ಣು ಬಿಗಿಯಾಗುತ್ತದೆ. ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ಇವೆರಡನ್ನೂ ಹುಲ್ಲಿಗೆ ಬಿಡಬಾರದು.

ಹುಲ್ಲಿನ ಆಯ್ಕೆ

ಹೊಲದಲ್ಲಿ ನಾವು ಅಗೆದು ಎಸೆಯುವ ಕರಿಕೆಯೇ ಈ ಭಾಗದ ಹುಲ್ಲುಹಾಸಿಗೆ ಅತ್ಯುತ್ತಮ. ಬಿಸಿಲು, ಬರ ಮತ್ತು ಸಾಕಷ್ಟು ಲವಣಾಂಶವನ್ನು ಅದು ತಾಳಿಕೊಳ್ಳುತ್ತದೆ. ನರ್ಸರಿಯಲ್ಲಿ ಸಿಗುವ ಸಣ್ಣ ಎಲೆಯ ಕರಿಕೆ ತಳಿಗಳನ್ನು ಆರಿಸಿಕೊಳ್ಳಿ. ಹೊಲದ ಕರಿಕೆಯನ್ನು ತಂದರೆ ಅದರ ಬೇರಿನೊಡನೆ ಜೇಕಿನ ಗಡ್ಡೆಗಳೂ ಬರುವ ಅಪಾಯವಿದೆ. ನೀರು ಸವಳಾಗಿದ್ದರೆ ಪಾಸ್ಪಲಮ್ ಹುಲ್ಲು ಸೂಕ್ತ. ಕೊರಿಯನ್ ಹುಲ್ಲು ನೋಡಲು ದಟ್ಟವಾಗಿದ್ದರೂ ನಿಧಾನವಾಗಿ ಹಬ್ಬುತ್ತದೆ. ಬೇವು, ಮಾವಿನ ದಟ್ಟ ನೆರಳಿನಲ್ಲಿ ಕರಿಕೆ ಉಳಿಯುವುದಿಲ್ಲ. ಅಲ್ಲಿ ಹುಲ್ಲಿನ ಪ್ರಯತ್ನವನ್ನೇ ಬಿಡುವುದು ಲೇಸು. ಕರಿಕೆ ಪಕ್ಕದ ಹೊಲಕ್ಕೆ ಹರಿಯದಂತೆ ಅಂಚಿನಲ್ಲಿ ಒಂದು ಅಡಿ ಆಳಕ್ಕೆ ಕಲ್ಲು ಅಥವಾ ಇಟ್ಟಿಗೆಯ ತಡೆ ಕಟ್ಟಬೇಕು.

ನೆಲದ ಸಿದ್ಧತೆ ಮತ್ತು ನಾಟಿ

• ಮೇ ತಿಂಗಳಲ್ಲಿ ಜಾಗವನ್ನು ಒಂದು ಅಡಿ ಆಳಕ್ಕೆ ಅಗೆದು, ಒಮ್ಮೆ ನೀರು ಹಾಯಿಸಿ, ಮೊಳೆತ ಜೇಕನ್ನು ಗಡ್ಡೆಸಹಿತ ತೆಗೆಯಬೇಕು. ಎರಡು ವಾರಗಳ ನಂತರ ಇದನ್ನೇ ಪುನರಾವರ್ತಿಸಬೇಕು.
• ಜಾಗವನ್ನು ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ಮನೆಯಿಂದ ಹೊರಮುಖವಾಗಿ 100 ಅಡಿಗೆ 1ರಿಂದ 2 ಅಡಿ ಇಳಿಜಾರು ಕೊಡಬೇಕು. ನೀರು ಬಸಿದು ಹೋಗುವ ದಾರಿಯಿಲ್ಲದ ಎರೆಮಣ್ಣಿನಲ್ಲಿ ಯಾವ ಹುಲ್ಲೂ ಬಾಳುವುದಿಲ್ಲ.
• ಎರೆಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಹಗುರಾಗುತ್ತದೆ ಎಂಬ ನಂಬಿಕೆಯಿದೆ. ಅಲ್ಪ ಪ್ರಮಾಣದ ಮರಳಿನಿಂದ ಮಣ್ಣು ಒಣಗಿದಾಗ ಮತ್ತಷ್ಟು ಗಟ್ಟಿಯಾಗುತ್ತದೆ. ಬದಲಾಗಿ 300 ಚದರ ಅಡಿಗೆ 140 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ.
• ಮಣ್ಣು ಪರೀಕ್ಷೆ ಕಡ್ಡಾಯವಾಗಿ ಮಾಡಿಸಿರಿ. ಬಿಳಿ ಪದರ ಕಂಡ ಕೂಡಲೇ ಜಿಪ್ಸಂ ಹಾಕುವುದು ಸರಿಯಲ್ಲ. ಜಿಪ್ಸಂ ಕ್ಷಾರ ಮಣ್ಣಿಗೆ ಮದ್ದು. ಬರೀ ಲವಣ ಹೆಚ್ಚಿದ್ದರೆ ಬಸಿಗಾಲುವೆ ಮಾಡಿ, ಒಳ್ಳೆಯ ನೀರಿನಿಂದ ತೊಳೆದು ಹೋಗುವಂತೆ ಮಾಡಬೇಕು.
• ಜೂನ್-ಜುಲೈ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಬೇರುಳ್ಳ ತುಂಡುಗಳನ್ನು 10 ಸೆಂ.ಮೀ. ಅಂತರದಲ್ಲಿ ನೆಡಬೇಕು. ಎರಡು ಮೂರು ತಿಂಗಳಲ್ಲಿ ನೆಲ ಮುಚ್ಚುತ್ತದೆ.

ನೀರು ಹಾಯಿಸುವ ಕ್ರಮ

ಹುಲ್ಲು ಬೇರೂರುವ ಮೊದಲ ಮೂರು ವಾರ ಮಾತ್ರ ತೇವ ಆರದಂತೆ ನೋಡಿಕೊಳ್ಳಬೇಕು. ಬಳಿಕ ದಿನವೂ ಅಷ್ಟಿಷ್ಟು ನೀರು ಚಿಮುಕಿಸಿದರೆ ಬೇರು ಮೇಲ್ಪದರದಲ್ಲಿಯೇ ಉಳಿಯುತ್ತದೆ, ಜೇಕು ಹುಲುಸಾಗುತ್ತದೆ, ನೀರು ಆವಿಯಾಗಿ ಲವಣ ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಸುಮಾರು 30 ಮಿ.ಮೀ., ಚಳಿಗಾಲದಲ್ಲಿ 10ರಿಂದ 12 ದಿನಗಳಿಗೊಮ್ಮೆ, ಮಳೆಗಾಲದಲ್ಲಿ 10 ದಿನ ಮಳೆ ಬಿಡುವು ಕೊಟ್ಟಾಗ ಮಾತ್ರ ನೀರು ಕೊಡಿ. ಎರೆಮಣ್ಣು ನೀರನ್ನು ನಿಧಾನವಾಗಿ ಹೀರುವುದರಿಂದ ಅರ್ಧ ತಾಸಿನ ಅಂತರದಲ್ಲಿ ಎರಡು ಕಂತುಗಳಲ್ಲಿ ಬೆಳಗಿನ ಹೊತ್ತು ಹಾಯಿಸಿರಿ. ನಡೆದ ಹೆಜ್ಜೆಯ ಗುರುತು ಹುಲ್ಲಿನ ಮೇಲೆ ಹಾಗೆಯೇ ಉಳಿದರೆ ನೀರಿನ ಸಮಯ ಬಂದಿದೆ ಎಂದರ್ಥ. ನೀರು ಕೊಟ್ಟ ಮರುದಿನ ಸಲಾಕೆ ಅರ್ಧ ಅಡಿ ಸಲೀಸಾಗಿ ಇಳಿದರೆ ಕೊಟ್ಟ ನೀರು ಸಾಕಾಗಿದೆ.

ಬರಗಾಲದ ವರ್ಷ ಹುಲ್ಲಿಗಾಗಿ ಟ್ಯಾಂಕರ್ ತರಿಸಬೇಡಿ. ನೀರು ಸಿಗದ ಕರಿಕೆ ಒಣಗಿ ಹುಲ್ಲಿನ ಕಡ್ಡಿಯಂತೆ ಕಂಡರೂ ನೆಲದೊಳಗಿನ ಕಾಂಡ ಜೀವಂತವಾಗಿರುತ್ತದೆ. ಮೂರು ವಾರಗಳಿಗೊಮ್ಮೆ 10ರಿಂದ 15 ಮಿ.ಮೀ. ನೀರು ಕೊಟ್ಟು, ತುಳಿತ ತಪ್ಪಿಸಿದರೆ ಸಾಕು. ಮೊದಲ ಹದ ಮಳೆಗೆ ಅದು ಮರಳಿ ಚಿಗುರುತ್ತದೆ.

ಕತ್ತರಿಸುವಿಕೆ ಮತ್ತು ಗೊಬ್ಬರ

ಹುಲ್ಲನ್ನು 3ರಿಂದ 4 ಸೆಂ.ಮೀ. ಎತ್ತರದಲ್ಲಿ, ಬೇಸಿಗೆಯಲ್ಲಿ ಇನ್ನೂ ಒಂದು ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಬೇಕು. ಒಮ್ಮೆಗೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಔಷಧ ಸಿಂಪಡಿಸದ ಹುಲ್ಲಾದರೆ ಕತ್ತರಿಸಿದ್ದನ್ನು ದನಗಳಿಗೆ ಹಾಕಬಹುದು.

300 ಚದರ ಅಡಿಗೆ ಜೂನ್ ಕೊನೆ, ಆಗಸ್ಟ್ ಹಾಗೂ ಅಕ್ಟೋಬರ್‌ನಲ್ಲಿ ತಲಾ ಕಾಲು ಕೆ.ಜಿ. ಯೂರಿಯಾ ಸಾಕು. ಒಣಗಿದ ಎಲೆಗಳ ಮೇಲೆ ಎರಚಿ ಕೂಡಲೇ ನೀರು ಕೊಡಬೇಕು. ಯೂರಿಯಾ ಕೊಟ್ಟರೂ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಸುಣ್ಣಾಂಶವುಳ್ಳ ಮಣ್ಣಿನಲ್ಲಿ ಕಾಣುವ ಕಬ್ಬಿಣದ ಕೊರತೆ. ಪ್ರತಿ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಿರಿ. ಇದು ಹಾಸುಗಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆಯಾಗುತ್ತದೆ.

ಗೊಣ್ಣೆ ಹುಳು ಮತ್ತು ಕಳೆ

ಕಬ್ಬಿನ ಸೀಮೆಯ ಗೊಣ್ಣೆ ಹುಳು ಹುಲ್ಲುಹಾಸನ್ನೂ ಬಿಡುವುದಿಲ್ಲ. ತೇವವಿದ್ದರೂ ಹುಲ್ಲು ಮಚ್ಚೆ ಮಚ್ಚೆಯಾಗಿ ಒಣಗಿ, ಎಳೆದರೆ ಚಾಪೆಯಂತೆ ಮೇಲೆದ್ದರೆ ಕೆಳಗೆ ಹುಳು ಇದೆಯೆಂದು ತಿಳಿಯಿರಿ. ಹಸಿ ಸಗಣಿ ಗೊಬ್ಬರ ಬಳಸಬಾರದು. ಮುಂಗಾರುಪೂರ್ವ ಮಳೆಯ ನಂತರ ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತುವ ದುಂಬಿಗಳನ್ನು ಆರಿಸಿ ನಾಶಪಡಿಸಿರಿ. ಮೆಟಾರೈಝಿಯಂ ಶಿಲೀಂಧ್ರದ ಪುಡಿಯನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ತೇವವಿರುವಾಗ ಹಾಕಬಹುದು.

ಕಬ್ಬಿಗೆ ಕಳೆನಾಶಕ ಹೊಡೆದ ಪಂಪನ್ನು ಅಂಗಳಕ್ಕೆ ತರಬೇಡಿ. ಗ್ಲೈಫೋಸೇಟ್ ಕರಿಕೆಯನ್ನೇ ಸುಡುತ್ತದೆ. 2,4-ಡಿ ಗಾಳಿಯಲ್ಲಿ ತೇಲಿ ಹೋದರೆ ನೆರೆಯ ದ್ರಾಕ್ಷಿ ತೋಟ, ಹತ್ತಿ ಹಾಗೂ ತರಕಾರಿಗೆ ಭಾರಿ ಹಾನಿ ಮಾಡುತ್ತದೆ. ಕೆಲವು ನೂರು ಚದರ ಅಡಿಯ ಹುಲ್ಲಿಗೆ ಕುರ್ಚಿಗೆಯೇ ಸಾಕು. ಜೇಕನ್ನು ಎರಡು ವಾರಗಳಿಗೊಮ್ಮೆ ಬಿಡದೆ ಕಿತ್ತರೆ ಗಡ್ಡೆಗಳು ಸೊರಗುತ್ತವೆ.

ವಿಸ್ತರಣಾ ಕಾರ್ಯಕರ್ತರು ಸಲಹೆ ಕೇಳಿ ಬಂದವರಿಗೆ ಹುಲ್ಲಿನ ತಳಿಯನ್ನು ಸೂಚಿಸುವ ಮೊದಲು ನೀರಿನ ಮೂಲ, ಅದರ ಗುಣಮಟ್ಟ ಮತ್ತು ಬೇಸಿಗೆಯಲ್ಲಿ ಉಳಿಯುವ ನೀರಿನ ಪ್ರಮಾಣವನ್ನು ವಿಚಾರಿಸಬೇಕು. ಮಣ್ಣು ಮತ್ತು ನೀರಿನ ಪರೀಕ್ಷೆಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸುವಂತೆ ತಿಳಿಸಬೇಕು.