ಕೈ ತೊಳೆಯಿಸುವ ವಿದ್ಯೆ

ಕೈ ತೊಳೆಯುವುದೂ ಒಂದು ವಿದ್ಯೆಯೇ ಎಂದು ವಾಚಕಮಹಾಶಯರು ನಗಬಹುದು. ಸ್ವಲೀನತೆಯುಳ್ಳ ಮಕ್ಕಳ ಪಾಠಶಾಲೆಗಳಲ್ಲಿಯಾದರೋ ಅದನ್ನು ಮಕ್ಕಳಿಗೆ ಕಲಿಸುವುದಕ್ಕೆ ಮುಂಚೆ ಉಪಾಧ್ಯಾಯರಿಗೂ ಸಹಾಯಕಿಯರಿಗೂ ಕಲಿಸಬೇಕಾಗುತ್ತದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯರಾದ ಲಿಯೋ ಕ್ಯಾನರ್ ಎಂಬವರು 11 ಮಂದಿ ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಈ ಸ್ಥಿತಿಯು ಪ್ರಸಿದ್ಧಿಗೆ ಬಂದಿತು. ಆಟಿಸಂ ಎಂಬ ಹೆಸರು 'ತಾನು' ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು. ಸ್ವಲೀನತೆಯೆಂಬುದು ಅದರ ಛಾಯೆ. ಶಬ್ದವೇನೋ ಸಾಧುವಾದುದೇ. ಆದರೆ ನಲ್ಲಿಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ, ಸಾಬೂನಿನ ಜಾರಿಕೆಯನ್ನು ಸಹಿಸಲಾರದ ಮಗುವು ತನ್ನಲ್ಲಿಯೇ ಲೀನವಾಗಿದೆಯೆನ್ನುವುದು ಹೇಗೆ? ಹೊರಗಣ ಲೋಕವು ಅದಕ್ಕೆ ನಮಗಿಂತ ಹೆಚ್ಚಾಗಿಯೇ ತಾಗುತ್ತಿರುವುದುಂಟು.

"ಕೈ ತೊಳೆದುಕೋ" ಎಂಬುದು ನಮಗೆ ಒಂದು ಮಾತು. ಆ ಮಗುವಿಗೆ ಅದು ಹತ್ತು ಕೆಲಸ. ಆದಕಾರಣ ನಲ್ಲಿಯನ್ನು ತಿರುಗಿಸುವುದು, ನೆನೆಸುವುದು, ಸಾಬೂನು ಹಚ್ಚುವುದು, ಅಂಗೈ ಮುಂಗೈ ಬೆರಳಸಂದುಗಳನ್ನು 20 ಸೆಕೆಂಡು ಉಜ್ಜುವುದು ಎಂದು ಒಂದೊಂದನ್ನೂ ಬಿಡಿಸಿ, ಚಿತ್ರಗಳಾಗಿ ನಲ್ಲಿಯ ಮೇಲೆ ಅಂಟಿಸುತ್ತಾರೆ. ಅನೇಕ ವೇಳೆ ಕೊನೆಯಿಂದ ಕಲಿಸುವರು: ಮಿಕ್ಕುದೆಲ್ಲವನ್ನೂ ಜತೆಗೂಡಿ ಮಾಡಿ, ಒರೆಸಿಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡುವುದು, ಅದು ಬಂದಮೇಲೆ ನಲ್ಲಿ ನಿಲ್ಲಿಸುವುದನ್ನೂ ಬಿಡುವುದು. ಹೀಗೆ ಕೆಲಸವನ್ನು ಮುಗಿಸಿದ ತೃಪ್ತಿಯು ದಿನದಿನವೂ ಮಗುವಿನದೇ.

ಇದನ್ನು ಸಿಬ್ಬಂದಿಗೆ ಉಪನ್ಯಾಸದಿಂದ ಕಲಿಸಲಾಗದು. ಉಪನ್ಯಾಸವನ್ನೇ ನೆಚ್ಚಿದ ನಮ್ಮಂಥ ಹಳೆಯ ಮೇಷ್ಟರುಗಳಿಗೆ ರುಚಿಸದ ಮಾತು, ಆದರೂ ನಿಜ. ಹೇಳಬೇಕು, ಮಾಡಿ ತೋರಿಸಬೇಕು, ಅವರಿಂದಲೇ ಮಾಡಿಸಬೇಕು, ಅಲ್ಲಿಯೇ ತಿದ್ದಬೇಕು. ಒಬ್ಬಳು ಮಗುವಾಗಿ ನಟಿಸುವಳು, ಇನ್ನೊಬ್ಬಳು ಕಲಿಸುವಳು. ಶಿಕ್ಷಕನು ಪಟ್ಟಿ ಹಿಡಿದು ಪ್ರತಿಯೊಂದು ಹೆಜ್ಜೆಗೂ ಗುರುತು ಹಾಕುವನು. ಆಗ ಬಯಲಾಗುವ ದೋಷಗಳು ಬಹುಮಟ್ಟಿಗೆ ಪ್ರೀತಿಯಿಂದಲೂ ಅವಸರದಿಂದಲೂ ಹುಟ್ಟಿದವು. ಎದುರಿಗೆ ನಿಂತು ಕಲಿಸುವವರ ಎಡಬಲಗಳು ಮಗುವಿಗೆ ತಿರುವುಮುರುವಾಗುತ್ತವೆ; ಹಿಂದೆ ನಿಲ್ಲಬೇಕು. "ಈಗ ಸಾಬೂನು, ಈಗ ನೀರು" ಎಂದು ಎಡೆಬಿಡದೆ ನುಡಿದರೆ ಮಗುವು ಆ ನುಡಿಗಾಗಿಯೇ ಕಾದುನಿಲ್ಲುತ್ತದೆ. ಹಿಡಿದ ಕೈಯನ್ನು ಮೊದಲು ಮಣಿಕಟ್ಟಿಗೆ, ಆಮೇಲೆ ಮೊಳಕೈಗೆ ಸರಿಸಿ, ಕಡೆಗೆ ತೆಗೆದುಬಿಡಬೇಕು. ಎಲ್ಲಕ್ಕಿಂತ ಕಷ್ಟವಾದುದು ಇದೇ. ತೆಗೆಯದೆ ಹೋದರೆ ಹನ್ನೆರಡು ವರ್ಷದ ಹುಡುಗನ ಕೈಯನ್ನೂ ಪರರೇ ತೊಳೆಯುತ್ತಿರಬೇಕಾಗುತ್ತದೆ. ಮಗುವು ಕೈಯನ್ನು ಸೆಳೆದುಕೊಂಡರೆ ಬಿಗಿಹಿಡಿಯಲೂ ಕೂಡದು. ಅದು ಹಠವಲ್ಲ, ಮಾತು ಬಾರದವರ ಮಾತು.

ಗೃಹಸ್ಥರು ಗಮನಿಸಬೇಕಾದ ಸಂಗತಿಯೊಂದುಂಟು. ಶಾಲೆಯ ನಲ್ಲಿಯಲ್ಲಿ ಕಲಿತ ಮಗುವು ಮನೆಯ ಹಂಡೆ ಚೊಂಬುಗಳ ಮುಂದೆ ಏನೂ ತೋಚದೆ ನಿಂತುಬಿಡಬಹುದು. ಆದುದರಿಂದ ತಾಯಿಯನ್ನೂ ಅಜ್ಜಿಯನ್ನೂ ಶಾಲೆಗೆ ಕರೆಯಿಸಿ, ಸಿಬ್ಬಂದಿಗೆ ಕಲಿಸಿದಂತೆಯೇ ಮಾಡಿಸಿ ನೋಡಬೇಕು. ಮನೆಗೆ ಕೊಡುವ ಚಿತ್ರಗಳಲ್ಲಿ ಆ ಮನೆಯ ಚೊಂಬನ್ನೇ ಬರೆದಿರಬೇಕು.