ಗುತ್ತಿಗೆ, ಭೋಗ್ಯ, ಅಡವು: ಇಂಗ್ಲಿಷಿನ ಕೆಲವು ಸಮೀಪಾರ್ಥಕ ಪದಗಳ ಕನ್ನಡಾನುವಾದವನ್ನು ಕುರಿತು

ಇಂಗ್ಲಿಷಿನಿಂದ ಭಾಷಾಂತರ ಮಾಡುವವರನ್ನು ತೊಡಕಿಗೆ ಸಿಲುಕಿಸುವ ಪದಗಳಲ್ಲಿ ಎರಡು ಬಗೆಗಳುಂಟು. ಉಚ್ಚಾರಣೆಯಲ್ಲಿಯೋ ಅಕ್ಷರವಿನ್ಯಾಸದಲ್ಲಿಯೋ ಒಂದನ್ನೊಂದು ಹೋಲುವ ಪದಗಳು ಮೊದಲನೆಯ ಬಗೆಯವು. ‘ಪ್ರಿನ್ಸಿಪಲ್’ ಎಂದು ಒಂದೇ ರೀತಿಯಲ್ಲಿ ಉಚ್ಚರಿಸುವ ಎರಡು ಪದಗಳಲ್ಲಿ ಒಂದು ಕಾಲೇಜಿನ ಮುಖ್ಯಸ್ಥನನ್ನೂ ಸಾಲದ ಅಸಲನ್ನೂ ಸೂಚಿಸುತ್ತದೆ; ಇನ್ನೊಂದು ತತ್ತ್ವವನ್ನು ಸೂಚಿಸುತ್ತದೆ. ಅಕ್ಷರಗಳನ್ನು ಎಚ್ಚರದಿಂದ ಓದಿದರೆ ಈ ತೊಡಕು ಅಲ್ಲಿಯೇ ಪರಿಹಾರವಾಗುತ್ತದೆ. ಎರಡನೆಯ ಬಗೆಯ ಪದಗಳು ನೋಟಕ್ಕೆ ಬೇರೆ ಬೇರೆಯಾಗಿದ್ದರೂ ಅರ್ಥದಲ್ಲಿ ನೆರೆಹೊರೆಯವು. ಕನ್ನಡಕ್ಕೆ ಬಂದೊಡನೆ ಒಂದೇ ಶಬ್ದದಲ್ಲಿ ಬೆರೆತುಹೋಗುವಂಥವು. ‘ಲೀಸ್’, ‘ಲೈಸೆನ್ಸ್’, ‘ಕಾಂಟ್ರಾಕ್ಟ್’, ‘ಮಾರ್ಟ್‌ಗೇಜ್’, ‘ಪ್ಲೆಜ್’ ಎಂಬ ಐದು ಪದಗಳು ಇದಕ್ಕೆ ಉತ್ತಮ ನಿದರ್ಶನಗಳು. ಇವುಗಳ ಅನುವಾದದಲ್ಲಿ ಪ್ರಮಾದವುಂಟಾದರೆ ವಾಕ್ಯದ ಸೊಗಸು ಮಾತ್ರ ಕೆಡುವುದಿಲ್ಲ, ಭೂಮಿಯ ಹಕ್ಕೇ ಕೈತಪ್ಪುವ ಸಂಭವವುಂಟು.

ಈ ಪದಗಳನ್ನು ಪರಿಶೀಲಿಸಲು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಇಲ್ಲಿ ಆರಿಸಿಕೊಂಡಿದೆ. 1997ರಲ್ಲಿ ಈ ಜಿಲ್ಲೆಯು ರಚಿತವಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಚನ್ನಗಿರಿಯದು ಅಡಕೆಯ ಸೀಮೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಹೊಳೆ ಕಾಲುವೆಗಳ ನೀರುಂಡ ಗದ್ದೆಗಳೂ ಇವೆ. ಜಗಳೂರಿನದು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲು. ನೆಲದ ಗುಣ ಭಿನ್ನವಾದಂತೆ, ಅದನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಬಗೆಗಳೂ ಭಿನ್ನವಾಗುತ್ತವೆ; ಆ ಬಗೆಗಳಿಗೆ ತಕ್ಕ ಮಾತುಗಳೂ ಹುಟ್ಟಿಕೊಳ್ಳುತ್ತವೆ.

ಮೊದಲು ‘ಗುತ್ತಿಗೆ’ ಎಂಬ ಶಬ್ದವನ್ನು ನೋಡೋಣ. ರಸ್ತೆಯ ಕಾಮಗಾರಿಯನ್ನು ವಹಿಸಿಕೊಂಡವನು ಗುತ್ತಿಗೆದಾರ; ಇಲ್ಲಿ ಗುತ್ತಿಗೆ ಎಂದರೆ ‘ಕಾಂಟ್ರಾಕ್ಟ್’. ಸರ್ಕಾರದ ಜಮೀನನ್ನು ಗೊತ್ತಾದ ಅವಧಿಗೆ ಹಣ ಕಟ್ಟಿ ಪಡೆದವನೂ ಗುತ್ತಿಗೆದಾರ. ಇಲ್ಲಿ ಅದು ‘ಲೀಸ್’. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಕೂಗಿ ಪಡೆದವನನ್ನೂ ಜನ ಹಾಗೆಯೇ ಕರೆಯುತ್ತಾರೆ. ಅವನ ಹಕ್ಕು ಕರಾರಿನ ಸ್ವರೂಪಕ್ಕೆ ಅನುಸಾರವಾಗಿ ಲೀಸೂ ಆಗಬಹುದು, ಬರಿಯ ಅನುಮತಿಯಾದ ‘ಲೈಸೆನ್ಸ್’ ಆಗಿಯೂ ಇರಬಹುದು. ಇಂಗ್ಲಿಷ್ ನ್ಯಾಯಶಾಸ್ತ್ರವು ಮೂರಾಗಿ ಒಡೆದು ನೋಡುವುದನ್ನು ಕನ್ನಡವು ಒಂದೇ ಮಾತಿನಲ್ಲಿ ಹಿಡಿದಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 105ನೆಯ ಪ್ರಕರಣದಂತೆ ಸ್ಥಿರಸ್ವತ್ತನ್ನು ಅನುಭವಿಸುವ ಹಕ್ಕು ಪ್ರತಿಫಲಕ್ಕಾಗಿ ಕೈಬದಲಾದಾಗ ಅದು ಲೀಸ್. ಅದೇ ವರ್ಷದ ಅನುಭೋಗ ಹಕ್ಕುಗಳ ಅಧಿನಿಯಮದ 52ನೆಯ ಪ್ರಕರಣದಂತೆ, ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಪಡೆಯದೆ, ಇಲ್ಲವಾದರೆ ಅಕ್ರಮವೆನಿಸುವ ಒಂದು ಕಾರ್ಯವನ್ನು ಮಾಡಲು ದೊರೆತ ಅನುಮತಿಯು ಲೈಸೆನ್ಸ್. ‘ಗುತ್ತಿಗೆ’ ಎಂದು ಬರೆದು ಮುಗಿಸುವ ಅನುವಾದಕನು ಈ ಮೂರರ ನಡುವಣ ಗೆರೆಯನ್ನು ಅಳಿಸಿಬಿಡುತ್ತಾನೆ.

ಚನ್ನಗಿರಿಯ ತೋಟಗಳಲ್ಲಿ ಬಳಕೆಯಲ್ಲಿರುವ ‘ಚೇಣಿ’ ಅಥವಾ ‘ಖೇಣಿ’ ಎಂಬ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ. ತೋಟದ ಯಜಮಾನನು ಮರದ ಮೇಲಿನ ಫಸಲನ್ನು ಕೊಯ್ಲಿಗೆ ಮುಂಚೆಯೇ ಚೇಣಿದಾರನಿಗೆ ಮಾತುಕೊಟ್ಟು ಒಪ್ಪಿಸುತ್ತಾನೆ. ಕೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು ಇವೆಲ್ಲ ಚೇಣಿದಾರನ ಹೊಣೆ. ತೋಟಕ್ಕೆ ನೀರು, ಗೊಬ್ಬರ, ಕಾವಲುಗಳ ಚಿಂತೆ ಸಾಮಾನ್ಯವಾಗಿ ಯಜಮಾನನದೇ. ಇದನ್ನು ‘ಲೀಸ್’ ಎಂದು ಇಂಗ್ಲಿಷಿಗೆ ತಿರುಗಿಸುವುದು ಯುಕ್ತವಲ್ಲ. ಚೇಣಿದಾರನಿಗೆ ಸಂದದ್ದು ಒಂದು ಫಸಲು. ನೆಲವಂತೂ ಅಲ್ಲ, ಮರಗಳೂ ಅಲ್ಲ. 1908ರ ನೋಂದಣಿ ಅಧಿನಿಯಮವು ಮರದ ಮೇಲಿರುವ ಹಣ್ಣನ್ನು ಚರಸ್ವತ್ತಿನಲ್ಲಿ ಎಣಿಸಿದೆ ಎಂಬುದನ್ನೂ ಗಮನಿಸಬೇಕು. ಆದುದರಿಂದ ಚೇಣಿಯು ಸ್ವಭಾವತಃ ಫಸಲಿನ ಮಾರಾಟ. ಇದಕ್ಕೆ ‘ತೋಟವನ್ನು ಲೀಸಿಗೆ ಕೊಟ್ಟಿದೆ’ ಎಂಬ ಅರ್ಥ ಬರುವಂತೆ ಪತ್ರವಾದರೆ, ತೋಟದ ಸ್ವಾಧೀನವನ್ನೇ ಯಜಮಾನನು ಬಿಟ್ಟುಕೊಟ್ಟನೆಂದು ವಾದಿಸಲು ಎದುರಾಳಿಗೆ ಆಸ್ಪದ ಸಿಗುತ್ತದೆ.

ಜಗಳೂರಿನಂತಹ ಬೆದ್ದಲು ಸೀಮೆಯ ‘ಕೋರು’ ಇದಕ್ಕಿಂತ ಬೇರೆ. ಇಲ್ಲಿ ಉಳುವವನು ನೆಲವನ್ನೇ ವಹಿಸಿಕೊಂಡು, ಬೆಳೆದದ್ದರಲ್ಲಿ ಒಂದು ಪಾಲನ್ನು ಒಡೆಯನಿಗೆ ಅಳೆಯುತ್ತಾನೆ. ಮಳೆ ಕೈಕೊಟ್ಟ ವರ್ಷ ನಷ್ಟವೂ ಇಬ್ಬರಿಗೂ ಹಂಚಿಹೋಗುತ್ತದೆ. ಹಣದ ಸಲ್ಲಿಕೆ ಇಲ್ಲವಾದ್ದರಿಂದ ಇದು ಲೀಸ್ ಆಗಲಾರದೆಂದು ಕೆಲವರು ಭಾವಿಸುವುದುಂಟು. ಆದರೆ ಮೇಲೆ ಹೇಳಿದ 105ನೆಯ ಪ್ರಕರಣವು ಬೆಳೆಯ ಪಾಲನ್ನೂ ಪ್ರತಿಫಲವೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದೆ. ನೆಲದ ಅನುಭವವು ಉಳುವವನಿಗೆ ಸಂದಿದ್ದರೆ ಕೋರು ಲೀಸಿನ ವರ್ಗಕ್ಕೆ ಸೇರುತ್ತದೆ. ಆತನು ಕೂಲಿಗೆ ಬದಲಾಗಿ ಕಾಳನ್ನು ಪಡೆಯುವ ಆಳಾಗಿದ್ದರೆ ಸೇರುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಎಡೆಗೊಟ್ಟಿರುವ ‘ಭೋಗ್ಯ’ವನ್ನು ವಿಚಾರಿಸಬೇಕು. ಸಾಲ ಬೇಕಾದವನು ಗದ್ದೆಯನ್ನು ಸಾಲಿಗನ ವಶಕ್ಕೆ ಕೊಡುತ್ತಾನೆ. ಸಾಲಿಗನು ಬಡ್ಡಿಗೆ ಬದಲಾಗಿ ಬೆಳೆಯನ್ನು ಅನುಭವಿಸುತ್ತಾನೆ. ಅಸಲು ಹಿಂದಕ್ಕೆ ಸಂದ ದಿನ ಗದ್ದೆಯು ಒಡೆಯನಿಗೆ ಮರಳುತ್ತದೆ. ಹೊರನೋಟಕ್ಕೆ ಇದು ಗೇಣಿಯಂತೆಯೇ ಕಾಣುತ್ತದೆ. ಎರಡರಲ್ಲಿಯೂ ಪರರ ನೆಲವನ್ನು ಒಬ್ಬನು ಉಳುತ್ತಿರುತ್ತಾನೆ. ಆದರೆ ಗೇಣಿಯಲ್ಲಿ ಉಳುವವನು ಒಡೆಯನಿಗೆ ಕೊಡತಕ್ಕವನು. ಭೋಗ್ಯದಲ್ಲಿ ಒಡೆಯನೇ ಉಳುವವನಿಗೆ ಕೊಡತಕ್ಕವನು. ಋಣದ ದಿಕ್ಕೇ ತಿರುಗುಮುರುಗಾಗಿದೆ. ಆದುದರಿಂದ ಗೇಣಿಯು ‘ಲೀಸ್’ ಆದರೆ ಭೋಗ್ಯವು ‘ಮಾರ್ಟ್‌ಗೇಜ್’; ಅದರಲ್ಲಿಯೂ 58ನೆಯ ಪ್ರಕರಣದಲ್ಲಿ ವಿವರಿಸಿರುವ, ಫಲಾನುಭವದಿಂದ ಕೂಡಿದ ಮಾರ್ಟ್‌ಗೇಜ್.

ಈ ಭೇದದಿಂದ ಏನಾಗುತ್ತದೆಂಬುದನ್ನು ಭೂಸುಧಾರಣೆಯ ಚರಿತ್ರೆಯು ತೋರಿಸುತ್ತದೆ. 1961ರ ಕರ್ನಾಟಕ ಭೂಸುಧಾರಣಾ ಅಧಿನಿಯಮಕ್ಕೆ ಆದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೇಣಿದಾರರ ಕೈಯಲ್ಲಿದ್ದ ಭೂಮಿಯು ಸರ್ಕಾರಕ್ಕೆ ನಿಹಿತವಾಯಿತು; ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬಹುದಾಗಿತ್ತು. ಆದರೆ ಪರರ ಭೂಮಿಯನ್ನು ಉಳುವವನನ್ನು ಗೇಣಿದಾರನೆಂದು ಭಾವಿಸತಕ್ಕದ್ದೆಂದು ವಿಧಿಸುವ 4ನೆಯ ಪ್ರಕರಣವು ಭೋಗ್ಯದ ಮೇಲೆ ಸ್ವಾಧೀನ ಪಡೆದವನನ್ನು ಅದರಿಂದ ಹೊರಗಿಟ್ಟಿದೆ. ಅಂದರೆ ಅದೇ ಗದ್ದೆ, ಅದೇ ನೇಗಿಲು. ಪತ್ರದಲ್ಲಿರುವುದು ಗೇಣಿಯಾದರೆ ಉಳುವವನಿಗೆ ಒಡೆತನದ ದಾರಿ ತೆರೆಯುತ್ತಿತ್ತು, ಭೋಗ್ಯವಾದರೆ ಆ ಪ್ರಕರಣದ ಆಸರೆ ಅವನಿಗೆ ಇರಲಿಲ್ಲ. ಭೋಗ್ಯ ಬಿಡಿಸಿಕೊಳ್ಳುವ ಒಡೆಯನ ಹಕ್ಕೂ ಬಲವಾದದ್ದು. ಇಂತಹ ಅಡಮಾನದಲ್ಲಿ ಬಿಡುಗಡೆಯ ಕಾಲಮಿತಿಯನ್ನು ಪತ್ರದ ದಿನದಿಂದಲೇ ಎಣಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಪತ್ರವನ್ನು ‘ಲೀಸ್’ ಎಂದು ಅನುವಾದಿಸಿದರೆ ಈ ರಕ್ಷಣೆಯು ಓದುವವನ ಕಣ್ಣಿಗೇ ಬೀಳುವುದಿಲ್ಲ.

ಈಗಿನ ನಗರಗಳ ರೂಢಿಯು ಗೊಂದಲವನ್ನು ಇನ್ನಷ್ಟು ಬೆಳೆಸಿದೆ. ಬೆಂಗಳೂರಿನಲ್ಲಿ ಇಡಿಗಂಟನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆಯಲ್ಲಿ ವಾಸವಾಗಿದ್ದು, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವುದನ್ನು ಜನ ‘ಲೀಸ್’ ಎನ್ನುತ್ತಾರೆ; ಅದನ್ನೇ ಕನ್ನಡದಲ್ಲಿ ‘ಭೋಗ್ಯ’ ಎನ್ನುತ್ತಾರೆ. ವ್ಯವಹಾರದ ತಿರುಳನ್ನು ನೋಡಿದರೆ ಇಂಗ್ಲಿಷ್ ಹೆಸರಿಗಿಂತ ಕನ್ನಡದ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತದೆ.

‘ಅಡವು’ ಎಂಬ ಮಾತಿನಲ್ಲಿಯೂ ಇಂತಹದೇ ವ್ಯಾಪ್ತಿಯುಂಟು. ಒಡವೆಯನ್ನೂ ಅಡವಿಡುತ್ತೇವೆ, ಹೊಲವನ್ನೂ ಅಡವಿಡುತ್ತೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಪ್ಲೆಜ್’, ಎರಡನೆಯದು ‘ಮಾರ್ಟ್‌ಗೇಜ್’. 1872ರ ಕರಾರು ಅಧಿನಿಯಮದ 172ನೆಯ ಪ್ರಕರಣದಂತೆ ಪ್ಲೆಜ್ ಎಂಬುದು ಸಾಲದ ಭದ್ರತೆಗಾಗಿ ಸರಕನ್ನು ಒಪ್ಪಿಸುವುದು. ಒಡವೆಗೆ ‘ಗಿರವಿ’ ಅಥವಾ ‘ಒತ್ತೆ’, ಭೂಮಿಗೆ ‘ಅಡಮಾನ’ ಎಂದು ನಿಯಮ ಮಾಡಿಕೊಂಡರೆ ಅನುವಾದದಲ್ಲಿ ತೊಡಕಿರುವುದಿಲ್ಲ.

ಇಷ್ಟನ್ನು ಓದಿದ ವಿದ್ಯಾರ್ಥಿಗೆ, ಕನ್ನಡದ ಪದಗಳು ಅಸ್ಪಷ್ಟವಾದವೆಂದೂ ಇಂಗ್ಲಿಷಿನ ವಿಭಾಗವೇ ಸಹಜವಾದುದೆಂದೂ ತೋರಬಹುದು. ಈ ಭಾವನೆಯನ್ನು ನೀಗಲು ಮೂರನೆಯ ಭಾಷೆಯೊಂದನ್ನು ನೋಡುವುದು ಒಳ್ಳೆಯದು. ಸ್ಪಾನಿಷ್ ಭಾಷೆಯ ‘ಅರೆಂದಾಮಿಯೆಂತೊ’ ಎಂಬ ಪದವನ್ನು 1889ರ ಸ್ಪೇನ್ ದೇಶದ ಸಿವಿಲ್ ಸಂಹಿತೆಯು ವಸ್ತುಗಳಿಗೂ ಕಾಮಗಾರಿಗೂ ಸೇವೆಗೂ ಸಮಾನವಾಗಿ ಬಳಸಿದೆ. ಇದು ನಮ್ಮ ಗುತ್ತಿಗೆಯ ವ್ಯಾಪ್ತಿಗೆ ಬಹಳ ಸಮೀಪ. ಅದೇ ಸಂಹಿತೆಯಲ್ಲಿ ಸಾಲಿಗನು ಸ್ಥಿರಸ್ವತ್ತಿನ ಫಲವನ್ನು ಬಡ್ಡಿಗೂ ಅನಂತರ ಅಸಲಿಗೂ ಜಮೆ ಮಾಡಿಕೊಳ್ಳುವ ‘ಆಂತಿಕ್ರೆಸಿಸ್’ ಎಂಬ ಪ್ರತ್ಯೇಕ ವಿಧಾನವಿದೆ; ಬರಿಯ ಅಡಮಾನಕ್ಕೆ ‘ಇಪೊತೆಕಾ’ ಎಂಬ ಬೇರೆ ಹೆಸರಿದೆ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ ಇಡಿಗಂಟು ಕೊಟ್ಟು ಮನೆಯಲ್ಲಿ ವಾಸಿಸುವ ರೂಢಿಯನ್ನು ‘ಆಂತಿಕ್ರೆತಿಕೊ’ ಎನ್ನುತ್ತಾರೆ. ‘ಭೋಗ್ಯ’ವನ್ನು ಇಂಗ್ಲಿಷಿಗೆ ತರಲು ನಮಗೆ ಪದಪುಂಜವೇ ಬೇಕಾಗುತ್ತದೆ, ಸ್ಪಾನಿಷಿಗಾದರೆ ಒಂದು ಪದ ಬಹುಮಟ್ಟಿಗೆ ಸಾಕು. ಅರ್ಥದ ಹೊಲಕ್ಕೆ ಒಂದೊಂದು ಭಾಷೆಯೂ ತನ್ನದೇ ಬದುಗಳನ್ನು ಹಾಕಿಕೊಂಡಿರುತ್ತದೆ.

ಆದುದರಿಂದ ಅನುವಾದಕನು ನಿಘಂಟನ್ನು ತೆರೆಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಒಂದು, ಕೈಬದಲಾದದ್ದು ಏನು: ನೆಲವೇ, ಫಸಲೇ, ಕೆಲಸವೇ, ಬರಿಯ ಅನುಮತಿಯೇ? ಎರಡು, ಯಾರು ಯಾರಿಗೆ ಕೊಡತಕ್ಕವರು? ಮೂರು, ಕೊನೆಗೆ ಹಿಂದಿರುಗತಕ್ಕದ್ದು ಯಾವುದು? ಉತ್ತರ ದೊರೆತರೆ ಪದವೂ ದೊರೆಯುತ್ತದೆ. ಫಸಲಾದರೆ ಚೇಣಿ, ಬೆಳೆಯ ಪಾಲಿನ ಮೇಲಿನ ಸಾಗುವಳಿಯಾದರೆ ಕೋರು, ಗೊತ್ತಾದ ಸಲ್ಲಿಕೆಯ ಸಾಗುವಳಿಯಾದರೆ ಗೇಣಿ, ಸಾಲಕ್ಕೆ ಪ್ರತಿಯಾದ ಅನುಭವವಾದರೆ ಭೋಗ್ಯ, ಕಾಮಗಾರಿಯಾದರೆ ಗುತ್ತಿಗೆ. ‘ಲೈಸೆನ್ಸ್’ ಒಂದಕ್ಕೆ ಮಾತ್ರ ಊರಿನ ಮಾತು ಸಾಲದು; ‘ಅನುಮತಿ’ ಎಂದೇ ಬರೆಯುವುದು ಲೇಸು.

1963ರ ರಾಜಭಾಷಾ ಅಧಿನಿಯಮದ ತರುವಾಯ ಆಡಳಿತದ ಕನ್ನಡವನ್ನು ಕಟ್ಟುವ ಕಾರ್ಯದಲ್ಲಿ ಸಂಸ್ಕೃತದ ಧಾತುಗಳಿಂದ ಅನೇಕ ಪದಗಳನ್ನು ರೂಪಿಸಲಾಯಿತು. ಅವುಗಳಲ್ಲಿ ಉಪಯುಕ್ತವಾದವು ಬಹಳ. ಆದರೆ ಸಾಗುವಳಿಯ ವಿಷಯದಲ್ಲಿ ಬೇಕಾದ ಸೂಕ್ಷ್ಮ ಭೇದಗಳನ್ನು ರೈತರು ಅದಕ್ಕೂ ಮುಂಚೆಯೇ ಮಾಡಿಟ್ಟಿದ್ದರು. ‘ತೋಟ ಚೇಣಿಗೆ ಕೊಟ್ಟಿದೆ’, ‘ಹೊಲ ಕೋರಿಗೆ ಹಾಕಿದೆ’, ‘ಗದ್ದೆಯ ಭೋಗ್ಯ ಬಿಡಿಸಬೇಕು’ ಎಂಬ ಮೂರು ವಾಕ್ಯಗಳನ್ನು ಆಡುವವನಿಗೆ ಯಾರಿಗೆ ಯಾರ ಋಣ ಎಂಬುದರಲ್ಲಿ ಸಂದೇಹವಿಲ್ಲ. ಪತ್ರವನ್ನು ಬರೆಯುವವನಿಗೂ ಅದನ್ನು ಭಾಷಾಂತರಿಸುವವನಿಗೂ ಅಷ್ಟೇ ನಿಸ್ಸಂದೇಹವಾದ ತಿಳಿವಳಿಕೆ ಇರಬೇಕಾದುದು ಅವಶ್ಯ.